ಗಾಜಿನ ತೊಟ್ಟಿಯ ಚಪ್ಪಟೆ ಹುಳು

ಉಡುಪಿಯಿಂದ ತೆಂಕಣಕ್ಕೆ ಸುಮಾರು ಹದಿಮೂರು ಕಿಲೋಮೀಟರು ದೂರದಲ್ಲಿ, ಕಾಪುವಿನ ಕಡಲಂಚಿನ ಬಂಡೆಯೊಂದರ ನೆತ್ತಿಯ ಮೇಲೆ ೧೯೦೧ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಅದನ್ನು ಏರಿ ಸೂರ್ಯಾಸ್ತವನ್ನು ನೋಡಿ ಸಂತೋಷಪಡಲು ಬರುವವರು ಬಹುಮಂದಿ. ಆದರೆ ಅದೇ ಬಂಡೆಯ ಬುಡದಲ್ಲಿ, ನೀರು ಇಳಿದ ಹೊತ್ತಿನಲ್ಲಿ, ಕಲ್ಲಿನ ತಗ್ಗುಗಳಲ್ಲಿ ಉಳಿದ ಸಣ್ಣ ಮಡುಗಳ ಬಳಿ ಕುಕ್ಕರುಗಾಲಿನಲ್ಲಿ ಕುಳಿತು ನೋಡುವವರು ವಿರಳ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಕಡಲು ಹೆಚ್ಚಾಗಿ ಹಿಂದೆ ಸರಿಯುತ್ತದೆ. ಆಗ ಒಂದು ಭೂತಗನ್ನಡಿಯನ್ನು ಕೈಯಲ್ಲಿ ಹಿಡಿದು ಹೋದ ವಿದ್ಯಾರ್ಥಿಗೆ ಅಲ್ಲಿ ದೊರೆಯುವ ಪಾಠ ಯಾವ ಪ್ರಯೋಗಶಾಲೆಯಲ್ಲಿಯೂ ದೊರೆಯಲಾರದು.

ಆ ಮಡುವಿನಲ್ಲಿರುವ ಸಡಿಲವಾದ ಕಲ್ಲೊಂದನ್ನು ಮೆಲ್ಲನೆ ಮಗುಚಿರಿ. ಅದರ ಅಡಿಗೆ ಅಂಟಿಕೊಂಡು, ನೆನೆದ ಎಲೆಯ ತುಣುಕಿನಂತೆ ಕಾಣುವ ವಸ್ತುವೊಂದು ಅದೃಷ್ಟವಿದ್ದರೆ ಕಣ್ಣಿಗೆ ಬೀಳುತ್ತದೆ. ಎಲೆಯೆಂದೇ ಭಾವಿಸಿ ಬಿಟ್ಟುಬಿಡುವಷ್ಟರಲ್ಲಿ ಅದು ಜಾರತೊಡಗುತ್ತದೆ. ಕಾಲಿಲ್ಲ, ಮೈ ಬಳುಕಿಸುವುದೂ ಕಾಣುವುದಿಲ್ಲ. ಎಣ್ಣೆಯ ಹನಿ ಬಟ್ಟಲಿನ ಮೇಲೆ ಹರಿದಂತೆ, ಕಲ್ಲಿನ ಏರುತಗ್ಗುಗಳಿಗೆಲ್ಲ ತನ್ನ ಮೈಯನ್ನು ಒಪ್ಪಿಸುತ್ತ ಅದು ಸಾಗುತ್ತದೆ. ಇದೇ ಚಪ್ಪಟೆ ಹುಳು. ನೋಡಿಯಾದ ಮೇಲೆ ಕಲ್ಲನ್ನು ಮೊದಲಿದ್ದಂತೆಯೇ ಇಟ್ಟುಬಿಡಬೇಕು. ಮಗುಚಿದ ಕಲ್ಲೆಂದರೆ ಅದರಡಿಯಲ್ಲಿ ಬಾಳುವವರ ಪಾಲಿಗೆ ಸೂರು ಹಾರಿದ ಮನೆ.

ಈ ಹುಳುವಿನ ಬಂಧುಗಳು ನಮ್ಮ ಮನೆಗೇ ಬಂದು ನೆಲಸಿದ ಕಥೆಯನ್ನು ವಾಚಕರಿಗೆ ಹೇಳುವುದು ಈ ಲೇಖನದ ಉದ್ದೇಶ. ಉಡುಪಿಯ ನಮ್ಮ ಮನೆಯ ಚಾವಡಿಯಲ್ಲಿ ಮೂರಡಿ ಉದ್ದದ, ಸುಮಾರು ೧೫೦ ಲೀಟರು ನೀರು ಹಿಡಿಯುವ ಗಾಜಿನ ತೊಟ್ಟಿಯೊಂದುಂಟು. ಅದರಲ್ಲಿರುವುದು ಸಿಹಿನೀರಲ್ಲ, ಕಡಲ ನೀರು. ನೀರನ್ನು ಸದಾ ಕದಡಲು ಒಂದು ಪಂಪು, ಮೇಲೆ ನೀಲಿ ಬಿಳಿ ದೀಪಗಳು, ರಂಧ್ರಮಯವಾದ ಸುಣ್ಣದ ಕಲ್ಲಿನ ಒಂದು ಗುಡ್ಡೆ, ಸಾಕಣೆ ಕೇಂದ್ರದಲ್ಲಿ ಹುಟ್ಟಿದ ಎರಡು ಕಿತ್ತಳೆ ಬಣ್ಣದ ಕೋಡಂಗಿ ಮೀನುಗಳು, ಮೂರು ನಾಲ್ಕು ಶಂಖದ ಹುಳುಗಳು: ಇಷ್ಟೇ ಸಂಸಾರ. ಎರಡು ವರ್ಷ ಅದು ನೆಮ್ಮದಿಯಾಗಿ ಸಾಗಿತು. ಬಳಿಕ ಬೆಂಗಳೂರಿನ ಮಿತ್ರರೊಬ್ಬರು ಪ್ರೀತಿಯಿಂದ, ಅಂಗೈಯಗಲದ ಕಲ್ಲಿನ ಮೇಲೆ ಬೆಳೆದ ಗುಂಡಿ ಹೂವುಗಳನ್ನು ಕೊಟ್ಟರು. ಜ಼ೋಆಂಥಸ್ ಎಂಬ ಈ ಜೀವಿಗಳು ಹವಳದ ದಾಯಾದಿಗಳು. ಆದರೆ ಹವಳದಂತೆ ಕಲ್ಲಿನ ಮನೆಯನ್ನು ಕಟ್ಟತಕ್ಕವಲ್ಲ. ನಾವು ಅವನ್ನು ನೇರವಾಗಿ ತೊಟ್ಟಿಗೆ ಇಳಿಸಿದೆವು. ಅವಸರದ ಆ ಒಂದು ಕೆಲಸಕ್ಕೆ ತೆತ್ತ ಬೆಲೆಯನ್ನು ಮುಂದೆ ಹೇಳುತ್ತೇವೆ.

ಆರು ವಾರಗಳು ಕಳೆದಿರಬಹುದು. ಒಂದು ಮಧ್ಯಾಹ್ನ ತೊಟ್ಟಿಯ ಮುಂದಿನ ಗಾಜಿನ ಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳು ಕಂಡವು. ಪಾಚಿಯಿರಬೇಕೆಂದು ಒರಸಹೋದರೆ ಚುಕ್ಕೆಗಳು ಪಕ್ಕಕ್ಕೆ ಸರಿದವು! ಭೂತಗನ್ನಡಿಯ ಕೆಳಗೆ ಒಂದೊಂದು ಚುಕ್ಕೆಯೂ ನಾಲ್ಕೈದು ಮಿಲಿಮೀಟರು ಉದ್ದದ, ಹಿಂದೆ ಚೂಪಾದ ಬಾಲಗಳಿದ್ದ, ಕೆಂಗಂದು ಮೈಯ ಹುಳುವಾಗಿತ್ತು.

ಚಪ್ಪಟೆ ಹುಳು ಏಕೆ ಚಪ್ಪಟೆ? ಪ್ರಶ್ನೆ ಮಕ್ಕಳಾಟದಂತೆ ತೋರಿದರೂ ಉತ್ತರದಲ್ಲಿ ಗಣಿತವಿದೆ. ಈ ಪ್ರಾಣಿಗೆ ಕಿವಿರುಗಳಿಲ್ಲ, ಶ್ವಾಸಕೋಶವಿಲ್ಲ, ಆಮ್ಲಜನಕವನ್ನು ಹೊತ್ತು ಹಂಚಲು ರಕ್ತವೂ ಇಲ್ಲ. ಚರ್ಮದ ಮೂಲಕ ಒಳಹೊಕ್ಕ ಅನಿಲವು ವಿಸರಣದಿಂದಲೇ, ಎಂದರೆ ನೀರಿನಲ್ಲಿ ಬಿದ್ದ ಶಾಯಿಯ ಹನಿ ತನ್ನಷ್ಟಕ್ಕೆ ಹರಡುವ ಹಾಗೆ, ಒಳಗಿನ ಕಣಗಳಿಗೆ ಮುಟ್ಟಬೇಕು. ಆ ನಡಿಗೆ ಬಲು ನಿಧಾನ. ಒಂದು ಮಿಲಿಮೀಟರಿನ ಆಚೆಗೆ ಅದನ್ನು ನಂಬಿ ಬದುಕುವಂತಿಲ್ಲ. ಉರುಟಾದ ದೇಹವೊಂದು ಎಲ್ಲ ದಿಕ್ಕಿನಲ್ಲಿಯೂ ಎರಡು ಪಾಲು ಬೆಳೆದರೆ ಅದರ ಮೇಲ್ಮೈ ನಾಲ್ಕರಷ್ಟಾಗುತ್ತದೆ, ಗಾತ್ರವಾದರೋ ಎಂಟರಷ್ಟು. ಉಸಿರಾಡುವ ಚರ್ಮಕ್ಕಿಂತ ಉಸಿರು ಬೇಡುವ ಒಡಲು ದೊಡ್ಡದಾಗುತ್ತದೆ. ದಪ್ಪವಾಗದೆ ಅಗಲವಾಗುವುದೊಂದೇ ಇದಕ್ಕೆ ಉಪಾಯ. ನೀರು ದೋಸೆಯಂತೆ ತೆಳುವಾಗಿ ಹರಡಿಕೊಂಡ ಪ್ರಾಣಿಯಲ್ಲಿ ಯಾವ ಕಣವೂ ಹೊರಗಿನ ನೀರಿಗೆ ಬಹು ದೂರವಾಗಿರುವುದಿಲ್ಲ.

ಈ ವರ್ಗದಲ್ಲಿ ಈಗ ಇಪ್ಪತ್ತು ಸಾವಿರಕ್ಕೂ ಮೀರಿದ ಜಾತಿಗಳು ತಿಳಿದಿವೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಇತರ ಪ್ರಾಣಿಗಳ ಒಡಲಲ್ಲಿಯೋ ಮೈಮೇಲೆಯೋ ವಾಸಿಸುವ ಪರೋಪಜೀವಿಗಳು. ಮಣಿಪಾಲದ ವೈದ್ಯ ವಿದ್ಯಾರ್ಥಿಗಳು ಕಂಠಪಾಠ ಮಾಡುವ ಲಾಡಿಹುಳು, ಯಕೃತ್ತಿನ ಹುಳು ಇವೆಲ್ಲ ಈ ಮನೆತನದವೇ. ಸ್ವತಂತ್ರವಾಗಿ ಬದುಕುವವೂ ಬೇಕಾದಷ್ಟಿವೆ. ಕಾರ್ಕಳದ ಕಡೆ ಘಟ್ಟದ ತಪ್ಪಲಿನ ತೋಡುಗಳಲ್ಲಿ, ನೆರಳಿರುವಲ್ಲಿ ಕಲ್ಲನ್ನೆತ್ತಿ ನೋಡಿದರೆ ಬೂದು ಬಣ್ಣದ ಪ್ಲನೇರಿಯ ಕಾಣಸಿಗಬಹುದು. ಅದರ ತಲೆಯ ಮೇಲಿನ ಎರಡು ಕಣ್ಣುಚುಕ್ಕೆಗಳಿಂದಾಗಿ ಮಾಲುಗಣ್ಣಿನ ಮುದುಕನ ಮುಖ ನೆನಪಾಗುತ್ತದೆ. ಮಳೆಗಾಲದಲ್ಲಿ ಅಡಕೆಯ ತೋಟದ ಒದ್ದೆ ನೆಲದ ಮೇಲೆ, ಅರ್ಧಚಂದ್ರದಂತೆ ಅಗಲವಾದ ತಲೆಯನ್ನು ಆಚೀಚೆ ಆಡಿಸುತ್ತ ಹೋಗುವ ಲೋಳೆದಾರದಂಥ ಹುಳುವೂ ಚಪ್ಪಟೆ ಹುಳುವೇ. ಅದು ಎರೆಹುಳುಗಳನ್ನು ಹಿಡಿದು ತಿನ್ನುತ್ತದೆ.

ಪ್ಲನೇರಿಯದ ಒಂದು ಗುಣವನ್ನು ಇಲ್ಲಿ ಮರೆಯುವಂತಿಲ್ಲ. ಅದನ್ನು ಎರಡಾಗಿ ತುಂಡರಿಸಿದರೆ ಎರಡು ಹುಳುಗಳಾಗುತ್ತವೆ. ೧೮೯೮ರಲ್ಲಿ ಈ ವಿಷಯವಾಗಿ ಬರೆದ ಅಮೆರಿಕದ ಟಾಮಸ್ ಹಂಟ್ ಮಾರ್ಗನ್ನರ ಹೆಸರಿನಲ್ಲಿ, ೨೭೯ರಲ್ಲಿ ಒಂದು ಪಾಲಿನಷ್ಟು ಚೂರಿನಿಂದಲೂ ಪೂರ್ಣ ಹುಳುವಾಗಬಲ್ಲದೆಂಬ ಲೆಕ್ಕ ಇಂದಿಗೂ ಪುಸ್ತಕಗಳಲ್ಲಿ ಉಳಿದಿದೆ. ನಮ್ಮ ತೊಟ್ಟಿಯ ಹುಳುವಿಗೂ ತುಂಡಿನಿಂದ ಮತ್ತೆ ಬೆಳೆಯುವ ಶಕ್ತಿ ಉಂಟು. ಆದ್ದರಿಂದ ಗಾಜಿನ ಮೇಲಿನ ಚುಕ್ಕೆಗಳನ್ನು ಅಲಗಿನಿಂದ ಹೆರೆದು ನೀರಿನಲ್ಲಿಯೇ ಬಿಡುವವನು ಶತ್ರುವಿನ ಸೈನ್ಯಕ್ಕೆ ಜನ ಕೂಡಿಸಿದಂತೆಯೇ ಸರಿ.

ಆದರೆ ಅದು ಯಾವ ಹುಳು? ಹೆಸರು ಗೊತ್ತಾಗದೆ ಔಷಧವನ್ನು ಹಾಕುವುದೆಂದರೆ ರೋಗ ತಿಳಿಯದೆ ಮಾತ್ರೆ ಕೊಟ್ಟ ಹಾಗೆ. ಕಡಲ ತೊಟ್ಟಿಗಳಲ್ಲಿ ಸಾಮಾನ್ಯವಾಗಿ ಕಾಣುವವು ಕೆಲವೇ ಬಗೆ. ಗಾಜಿನ ಮೇಲೆ ಹರಿಯುವ, ಒಂದೆರಡು ಮಿಲಿಮೀಟರಿನ, ಬಣ್ಣವಿಲ್ಲದ ಸಣ್ಣ ಹುಳುಗಳು ಬಹುಮಟ್ಟಿಗೆ ನಿರಪಾಯಕಾರಿ. ಅವನ್ನು ಕಂಡು ಗಾಬರಿಯಾಗಬೇಕಾಗಿಲ್ಲ. ಅಂಗುಲದಷ್ಟು ದೊಡ್ಡದಾಗಿ, ಅಂಚು ನಿರಿಗೆಗಟ್ಟಿ, ರಾತ್ರಿಯ ಹೊತ್ತು ಕಲ್ಲಿನ ಸಂದಿನಿಂದ ಹೊರಬರುವುದು ಕಾಪುವಿನ ಕಲ್ಲಿನಡಿಯಲ್ಲಿ ಕಂಡಂಥ ಬಹುಶಾಖೆಯ ಕರುಳಿನ ಚಪ್ಪಟೆ ಹುಳು. ಇದು ಬೇಟೆಗಾರ. ಈ ಗುಂಪಿನ ಕೆಲವು ಜಾತಿಗಳು ಮರುವಾಯಿ, ಶಂಖದ ಹುಳುಗಳ ಚಿಪ್ಪಿನೊಳಗೆ ನುಸುಳಿ ಅವನ್ನು ತಿಂದುಹಾಕುತ್ತವೆ. ತೊಟ್ಟಿಯಲ್ಲಿ ಖಾಲಿ ಚಿಪ್ಪುಗಳು ಕಾಣತೊಡಗಿದರೆ ರಾತ್ರಿ ಕೈದೀಪ ಹಿಡಿದು ಹುಡುಕಬೇಕು. ಒಂದೋ ಎರಡೋ ಇರುತ್ತವೆ, ಹಿಡಿದು ತೆಗೆದರೆ ಮುಗಿಯಿತು. ಬರಿಯ ಕೈಯಿಂದ ಹಿಡಿಯಬಾರದೆಂಬುದು ನೆನಪಿರಲಿ. ಈ ವರ್ಗದ ಪ್ಲನೋಸೆರ ಎಂಬ ಹುಳುವಿನಲ್ಲಿ ಬೊಂಕ ಮೀನಿನಲ್ಲಿರುವ ಘೋರ ವಿಷವೇ, ಟೆಟ್ರೊಡೊಟಾಕ್ಸಿನ್, ಇರುವುದು ಜಪಾನಿನಲ್ಲಿ ಪತ್ತೆಯಾಗಿದೆ.

ಈ ದೊಡ್ಡ ಹುಳುಗಳನ್ನು ಬಣ್ಣಬಣ್ಣದ ಬೆತ್ತಲೆ ಶಂಖದ ಹುಳುಗಳೊಡನೆ ತಪ್ಪು ತಿಳಿಯುವವರಿದ್ದಾರೆ. ಶಂಖದ ಹುಳುವಿಗೆ ಮೈ ದಪ್ಪ. ಅನೇಕ ಜಾತಿಗಳ ಬೆನ್ನಿನ ಮೇಲೆ ಹೂವಿನ ಕುಚ್ಚಿನಂಥ ಕಿವಿರು, ತಲೆಯ ಮೇಲೆ ಎರಡು ಗಟ್ಟಿ ಕೊಂಬು. ಚಪ್ಪಟೆ ಹುಳುವಿನ ಕೊಂಬುಗಳು ಮುಂಭಾಗದ ಅಂಚೇ ಮಡಿಸಿ ಆದವು, ಮೈ ಕಾಗದದಷ್ಟು ತೆಳು.

ಮೂರನೆಯದು ಗುಂಡು ಅಥವಾ ಹೃದಯದ ಆಕಾರದ್ದು, ಹಿಂದೆ ಒಂದು ಕಚ್ಚು ಇರುವ ಕಂದು ಹುಳು; ಗಾಜಿನ ಮೇಲೆ ಬರುವುದು ಕಡಮೆ, ಹವಳದ ಮೈಮೇಲೆ ಹೊದಿಕೆ ಹೊದಿಸಿದಂತೆ ಕೂರುತ್ತದೆ. ಇದು ವಮಿನೋವ. ಹವಳದ ಲೋಳೆಯನ್ನು ತಿನ್ನುವುದರ ಜೊತೆಗೆ ಅದರ ಮೇಲೆ ಬೀಳಬೇಕಾದ ಬೆಳಕನ್ನೂ ತಡೆಯುತ್ತದೆ. ನಾಲ್ಕನೆಯದೇ ನಮ್ಮದು: ಗಾಜು, ಕಲ್ಲು, ಮರಳು ಎಲ್ಲೆಂದರಲ್ಲಿ, ಅದರಲ್ಲಿಯೂ ಬೆಳಕು ಹೆಚ್ಚಾಗಿರುವಲ್ಲಿ ಗುಂಪುಗೂಡುವ, ತುಕ್ಕಿನ ಬಣ್ಣದ, ಬಾಲ ಹಾಲೆಹಾಲೆಯಾಗಿ ಒಡೆದ ಹುಳು. ಸಾಕುವವರ ಬಾಯಲ್ಲಿ ಅದು ಕೆಂಪು ಪ್ಲನೇರಿಯ. ಶಾಸ್ತ್ರೀಯ ಹೆಸರು ಕನ್ವಲ್ಯೂಟ್ರಿಲೋಬ.

ಇಲ್ಲೊಂದು ಸ್ವಾರಸ್ಯವಿದೆ. ಈ ಕೆಂಪು ಪ್ಲನೇರಿಯ ಪ್ಲನೇರಿಯವಲ್ಲವೆಂಬುದಿರಲಿ, ಇಂದಿನ ಪ್ರಾಣಿಶಾಸ್ತ್ರದ ಪ್ರಕಾರ ಅದು ಚಪ್ಪಟೆ ಹುಳುವೇ ಅಲ್ಲ! ಇದೂ ವಮಿನೋವವೂ ಸೇರಿದ ಗುಂಪಿನ ಪ್ರಾಣಿಗಳಿಗೆ ಕರುಳಿನ ಕೊಳವೆಯಿಲ್ಲ. ಬಾಯಿಯಿಂದ ಹೋದ ಆಹಾರ ಒಳಗಿನ ಕಣಸಮೂಹದಲ್ಲಿಯೇ ಕರಗುತ್ತದೆ. ಬಹುಕಾಲ ಅವನ್ನು ಚಪ್ಪಟೆ ಹುಳುಗಳ ವರ್ಗದಲ್ಲಿ ಸರಳವಾದವೆಂದು ಇರಿಸಿದ್ದರು. ೧೯೯೯ರಲ್ಲಿ ಬಾರ್ಸಿಲೋನದ ಇನ್ಯಾಕಿ ರೂಯಿಸ್-ಟ್ರಿಯೊ ಮತ್ತು ಸಂಗಡಿಗರು ಆನುವಂಶಿಕ ದ್ರವ್ಯವನ್ನು ಹೋಲಿಸಿ ನೋಡಿ, ಈ ಗುಂಪು ಚಪ್ಪಟೆ ಹುಳುಗಳಿಂದ ಬಹು ಹಿಂದೆಯೇ ಬೇರೆಯಾದ ಶಾಖೆಯೆಂದು ತೋರಿಸಿದರು. ವಂಶವೃಕ್ಷದಲ್ಲಿ ಅದನ್ನು ಯಾವ ಕೊಂಬೆಗೆ ಕಟ್ಟಬೇಕೆಂಬ ವಾದ ಇನ್ನೂ ನಿಂತಿಲ್ಲ. ಚಪ್ಪಟೆಯಾಗಿರುವುದು ಉಸಿರಾಟದ ಕಷ್ಟಕ್ಕೆ ಎರಡು ಮನೆತನಗಳು ಬೇರೆಬೇರೆಯಾಗಿ ಕಂಡುಕೊಂಡ ಉಪಾಯವಾಗಿರಬಹುದು. ಲೋಕದ ಬಳಕೆಯನ್ನು ಅನುಸರಿಸಿ ನಾವು ಇಲ್ಲಿ ಚಪ್ಪಟೆ ಹುಳುವೆಂದೇ ಕರೆಯುತ್ತೇವೆ. ಪರೀಕ್ಷೆಯಲ್ಲಿ ಹಾಗೆ ಬರೆದು ಅಂಕ ಕಳೆದುಕೊಂಡರೆ ಹೊಣೆ ನಮ್ಮದಲ್ಲ.

ಈ ಕುಲಕ್ಕೆ ವಿಜ್ಞಾನದಲ್ಲಿ ಹೆಸರು ದೊರೆತದ್ದು ೧೯೮೮ರಲ್ಲಿ. ಆಗ ವರ್ಣಿತವಾದ ರೆಟ್ರೊಜೆಮ ಎಂಬ ಜಾತಿಯ ಹುಳು ತನ್ನ ಹಿಂಭಾಗದಲ್ಲಿ ಮೊಗ್ಗಿನಂತೆ ಮರಿಯನ್ನು ಬೆಳೆಸುತ್ತದೆ. ಆ ಮರಿಯ ತಲೆ ತಾಯಿಯ ತಲೆಗೆ ನೇರ ವಿರುದ್ಧ ದಿಕ್ಕಿಗೆ! ಒಂದೇ ಮೈಯಲ್ಲಿ ಒಂದು ಮೂಡಣಕ್ಕೂ ಇನ್ನೊಂದು ಪಡುವಣಕ್ಕೂ ಹೊರಟಂತೆ ಎಳೆದಾಡಿ, ಕೊನೆಗೆ ಮರಿ ಕಳಚಿಕೊಂಡು ತನ್ನ ದಾರಿ ಹಿಡಿಯುತ್ತದೆ. ಗಂಡುಹೆಣ್ಣಿನ ಭೇಟಿಗಾಗಿ ಕಾಯಬೇಕಾಗಿಲ್ಲ. ಒಂದು ಹುಳು ಬಂದರೆ ಸಾಕು, ಸಂತಾನ ಸಿದ್ಧ.

ಇಂಥ ಜೀವಿಗಳನ್ನು ವಿಜ್ಞಾನ ಮೊದಲು ಗುರುತಿಸಿದ್ದು ಎಷ್ಟೋ ಸಲ ಮನುಷ್ಯನ ಸಾಕಣೆಯಲ್ಲಿಯೇ. ಮೇಲೆ ಹೇಳಿದ ಅರ್ಧಚಂದ್ರ ತಲೆಯ ನೆಲದ ಹುಳುಗಳಲ್ಲಿ ಒಂದಕ್ಕೆ ಕ್ಯೂ ಎಂಬ ಹೆಸರು ಅಂಟಿಕೊಂಡಿದೆ. ಏತಕ್ಕೆಂದರೆ ೧೮೭೮ರಲ್ಲಿ ಮೋಸ್ಲಿ ಎಂಬುವರು ಅದನ್ನು ವರ್ಣಿಸಿದ್ದು ಲಂಡನ್ನಿನ ಬಳಿಯ ಕ್ಯೂ ಸಸ್ಯೋದ್ಯಾನದ ಗಾಜಿನ ಮನೆಯಲ್ಲಿ ಸಿಕ್ಕಿದ ಹುಳುವಿನಿಂದ. ಅದರ ತವರು ಆಗ್ನೇಯ ಏಷ್ಯದ ಕಾಡುಗಳು. ಕವಲುಕೊಂಬಿನ ಹವಳವನ್ನು ತಿನ್ನುವ ಅಮಕುಸಪ್ಲಾನ ಅಕ್ರೋಪೊರೆ ಎಂಬ ನಿಜವಾದ ಚಪ್ಪಟೆ ಹುಳು ವಿದೇಶಗಳ ತೊಟ್ಟಿಗಳಲ್ಲಿ ಅಪಾರ ಹಾನಿ ಮಾಡಿತು. ತಿಂದ ಹವಳದ ಬಣ್ಣವನ್ನೇ ಮೈಗೆ ತುಂಬಿಕೊಳ್ಳುವುದರಿಂದ ಅದು ಕಣ್ಣಿಗೆ ಬೀಳದು. ಹವಳದ ಮೇಲೆ ಉರುಟಾದ ಬಿಳಿಚಿದ ಕಲೆಗಳು, ಬುಡದ ಬರಿಗಲ್ಲಿನ ಮೇಲೆ ಕಂದು ಮೊಟ್ಟೆಗಳ ಸಾಲು ಕಂಡಾಗಲೇ ಕಳ್ಳನಿರುವುದು ತಿಳಿಯುವುದು. ೨೦೧೧ರಲ್ಲಿ ಅದಕ್ಕೆ ಹೆಸರಿಟ್ಟದ್ದೂ ತೊಟ್ಟಿಯ ಹುಳುಗಳನ್ನು ನೋಡಿಯೇ. ಅದು ಕಡಲಿನಲ್ಲಿ, ಆಸ್ಟ್ರೇಲಿಯದ ಲಿಜ಼ಾರ್ಡ್ ದ್ವೀಪದ ಬಳಿ ಸಿಕ್ಕ ವರದಿ ಬಂದದ್ದು ೨೦೧೨ರಲ್ಲಿ.

ಕಡಲಲ್ಲಿ ಹುಡುಕಿ ಹುಡುಕಿ ಒಂದು ಸಿಗುವ ಹುಳು ತೊಟ್ಟಿಯಲ್ಲಿ ಸಾವಿರವಾಗುವುದೇಕೆ? ಕಡಲಲ್ಲಿ ಅದನ್ನು ಹೆಕ್ಕುವ ಮೀನುಗಳಿವೆ, ಅಲೆಯಿದೆ, ಬರಗಾಲವಿದೆ. ನಾವು ಕಟ್ಟಿದ ತೊಟ್ಟಿಯಲ್ಲಿ ವೈರಿಗಳಿರಲಿಲ್ಲ. ದಿನಕ್ಕೆ ಹತ್ತು ಗಂಟೆ ತಪ್ಪದ ಬೆಳಕಿತ್ತು. ಕೆಂಪು ಪ್ಲನೇರಿಯದ ಚರ್ಮದ ಕೆಳಗೆ ಸೂಕ್ಷ್ಮವಾದ ಹಸುರು ಪಾಚಿಗಳು ವಾಸಿಸುತ್ತವೆ. ಅವು ಬೆಳಕಿನಿಂದ ಆಹಾರವನ್ನು ತಯಾರಿಸಿ ಮನೆಯೊಡೆಯನಿಗೆ ಬಾಡಿಗೆ ಸಲ್ಲಿಸುತ್ತವೆ. ಇದು ಸಾಲದೆಂದು ಹುಳು ತನ್ನ ಮೈಯನ್ನು ಬಲೆಯಂತೆ ಮಡಿಸಿ ನೀರಿನ ಸಣ್ಣ ಸಿಗಡಿಯಂಥ ಜೀವಿಗಳನ್ನೂ ಹಿಡಿಯುತ್ತದೆ. ಮೀನಿಗೆ ಪ್ರೀತಿಯಿಂದ ಹೆಚ್ಚಾಗಿ ಹಾಕಿದ ಆಹಾರ ಕೊಳೆತಷ್ಟೂ ಈ ಜೀವಿಗಳು ಹೆಚ್ಚುತ್ತವೆ. ಅವು ಹೆಚ್ಚಿದಷ್ಟೂ ಹುಳು ಹೆಚ್ಚುತ್ತದೆ. ಹೀಗೆ ನೋಡಿದರೆ ಗಾಜಿನ ಮೇಲಿನ ತುಕ್ಕಿನ ಚುಕ್ಕೆಗಳು ನಮ್ಮ ಸಾಕಣೆಯ ಲೆಕ್ಕಪತ್ರವೇ ಆಗಿದ್ದವು.

ಅದನ್ನು ನಾವು ಓದಲಿಲ್ಲ. ಚುಕ್ಕೆಗಳು ಹಾಳೆಗಳಾದವು, ಗುಂಡಿ ಹೂವುಗಳು ಅವುಗಳ ಭಾರಕ್ಕೆ ಮುಚ್ಚಿಕೊಂಡು ತೆರೆಯದಾದವು. ದನಕರುಗಳ ಜಂತುಹುಳುವಿಗೆ ಕೊಡುವ ಲೆವಮಿಸೋಲ್ ಎಂಬ ಔಷಧ ಈ ಹುಳುವಿಗೂ ಮೃತ್ಯುವೆಂದು ಓದಿ ತಿಳಿದಿತ್ತು. ಅದು ಹುಳುವಿನ ಸ್ನಾಯುಗಳನ್ನು ಸದಾ ಬಿಗಿದಿರುವಂತೆ ಮಾಡಿ ಸೆಟೆಸುತ್ತದೆ. ಒಂದು ಶನಿವಾರ ಸಂಜೆ ಅದನ್ನು ಅಳೆದು ನೀರಿಗೆ ಸುರಿದೆವು. ಅಳತೆಯಲ್ಲಿ ತಪ್ಪಿರಲಿಲ್ಲ. ಅರ್ಧ ಗಂಟೆಯೊಳಗೆ ಹುಳುಗಳು ಸುರುಟಿಕೊಂಡು ಗಾಜಿನಿಂದ ಉದುರತೊಡಗಿದವು. ಪಂಪಿನ ಸೆಳೆತಕ್ಕೆ ಸಿಕ್ಕಿ ನೀರೆಲ್ಲ ಕಂದು ತರಗಿನ ಸುಳಿಯಾಯಿತು. ನಾವು ಗೆದ್ದೆವೆಂದು ಊಟಕ್ಕೆ ಎದ್ದೆವು. ಮರಳಿ ಬಂದಾಗ ಕೋಡಂಗಿ ಮೀನುಗಳೆರಡೂ ನೀರಿನ ಮೇಲ್ಮಟ್ಟದಲ್ಲಿ ಬಾಯಿ ಕಳೆಯುತ್ತಿದ್ದವು. ಕಾಪುವಿನಿಂದ ತಂದಿಟ್ಟ ನೀರು ಇದ್ದದ್ದು ಒಂದೇ ಕೊಡ. ರಾತ್ರಿ ಎರಡು ಗಂಟೆಗೆ ದೊಡ್ಡ ಮೀನು, ನಾಲ್ಕು ವರ್ಷ ನಮ್ಮ ಬೆರಳಿನಿಂದ ತಿಂದದ್ದು, ಮಗ್ಗುಲಾಯಿತು. ಚಿಕ್ಕದು ಉಳಿಯಿತು. ಶಂಖದ ಹುಳುಗಳಲ್ಲಿ ಒಂದೂ ಉಳಿಯಲಿಲ್ಲ.

ಔಷಧವಲ್ಲ, ಸತ್ತ ಹುಳುಗಳೇ ಅವನ್ನು ಕೊಂದವೆಂದು ಈಗ ನಮಗೆ ತಿಳಿದಿದೆ. ಈ ಹುಳುಗಳ ಮೈಯಲ್ಲಿ ವೈರಿಗಳಿಂದ ಕಾಪಾಡುವ ವಿಷದ್ರವ್ಯಗಳಿವೆ. ಒಂದು ಹುಳು ಸತ್ತರೆ ಅದು ಲೆಕ್ಕಕ್ಕಿಲ್ಲ. ಸಾವಿರಾರು ಹುಳುಗಳು ಒಂದೇ ಗಂಟೆಯಲ್ಲಿ ಸತ್ತು ೧೫೦ ಲೀಟರು ನೀರಿನಲ್ಲಿ ಕರಗಿದರೆ ಅದೇ ಬೇರೆ. ಅದರ ಮೇಲೆ, ಕೊಳೆಯುವ ದೇಹಗಳು ನೀರಿನಲ್ಲಿದ್ದ ಆಮ್ಲಜನಕವನ್ನು ಹೀರಿಕೊಳ್ಳುತ್ತವೆ. ಕಡಲಿನ ಉಷ್ಣತೆ ೨೮ ಡಿಗ್ರಿಗೂ ಮೇಲಿರುವ ನಮ್ಮಂಥ ಊರಿನಲ್ಲಿ ನೀರು ಹಿಡಿದಿಡಬಲ್ಲ ಆಮ್ಲಜನಕವೇ ಕಡಮೆ.

ಎರಡನೆಯ ಸಲ, ಎಂದರೆ ಕಲ್ಲಿನ ಸಂದುಗಳಲ್ಲಿ ಉಳಿದವು ಎರಡು ತಿಂಗಳಲ್ಲಿ ಮತ್ತೆ ಗಾಜಿಗೆ ಬಂದಾಗ, ನಾವು ಮೊದಲು ಎಣಿಸಿದೆವು. ಉಪಾಯ ನಮ್ಮದಲ್ಲ, ನೆರೆಮನೆಯ ಹೈಸ್ಕೂಲು ವಿದ್ಯಾರ್ಥಿನಿಯದು. ರಟ್ಟಿನಲ್ಲಿ ಹತ್ತು ಸೆಂಟಿಮೀಟರು ಚೌಕದ ಕಿಂಡಿ ಕತ್ತರಿಸಿ, ಅದನ್ನು ಗಾಜಿನ ಹೊರಗಿನಿಂದ ಐದು ಗೊತ್ತಾದ ಕಡೆ ಹಿಡಿದು, ಪ್ರತಿದಿನ ಅದೇ ಗಂಟೆಗೆ ಒಳಗಿನ ಚುಕ್ಕೆಗಳನ್ನು ಅವಳು ಎಣಿಸಿ ಬರೆದಳು. ಅದೇ ಗಂಟೆಗೆ ಎನ್ನಲು ಕಾರಣವಿದೆ: ಹುಳುಗಳು ಬೆಳಕನ್ನು ಅರಸಿ ಜಾಗ ಬದಲಿಸುವುದರಿಂದ ಬೆಳಗಿನ ಎಣಿಕೆಗೂ ಮಧ್ಯಾಹ್ನದ ಎಣಿಕೆಗೂ ತಾಳೆಯಾಗದು. ಹೊಲದ ಕಳೆಯನ್ನೂ ಕಡಲ ದಂಡೆಯ ಚಿಪ್ಪುಗಳನ್ನೂ ಜೀವಶಾಸ್ತ್ರಜ್ಞರು ಲೆಕ್ಕ ಹಾಕುವುದು ಇದೇ ಚೌಕದ ವಿಧಾನದಿಂದ.

ಎಣಿಸುವುದರಿಂದ ಏನು ಪ್ರಯೋಜನವೆಂದು ಕೇಳುವವರು ಈ ಲೆಕ್ಕವನ್ನು ನೋಡಬಹುದು. ಹುಳುಗಳು ವಾರಕ್ಕೊಮ್ಮೆ ಇಮ್ಮಡಿಸುತ್ತವೆಂದು ಭಾವಿಸೋಣ. ತೊಟ್ಟಿಯಲ್ಲಿ ೯೦೦ ಇವೆ. ಪ್ರತಿ ವಾರ ಅರ್ಧವನ್ನು ತೆಗೆದರೆ ಜೀವಮಾನವಿಡೀ ತೆಗೆಯುತ್ತಲೇ ಇರಬೇಕು. ಸಂಖ್ಯೆ ಇದ್ದಲ್ಲಿಯೇ ಇರುತ್ತದೆ. ಮೂರರಲ್ಲಿ ಎರಡು ಪಾಲು ತೆಗೆದರೆ ಉಳಿದ ೩೦೦ ಮುಂದಿನ ವಾರ ೬೦೦ ಆಗುತ್ತದೆ, ಅದರ ಮುಂದಿನ ವಾರ ೪೦೦. ಎಂಟು ವಾರಗಳಲ್ಲಿ ೩೫ಕ್ಕೆ ಇಳಿಯುತ್ತದೆ. ಅರ್ಧಕ್ಕೂ ಮೂರರಲ್ಲಿ ಎರಡಕ್ಕೂ ಇರುವ ಆ ಸಣ್ಣ ಅಂತರದಲ್ಲಿ ಸೋಲುಗೆಲವು ನಿಂತಿದೆ. ಇಮ್ಮಡಿಸುವ ಕಾಲ ತೊಟ್ಟಿಯಿಂದ ತೊಟ್ಟಿಗೆ ಬೇರೆಯಾದುದರಿಂದ ನಿಮ್ಮ ಅಂತರವನ್ನು ನಿಮ್ಮ ಎಣಿಕೆಯೇ ಹೇಳಬೇಕು.

ತೆಗೆಯುವ ಕ್ರಮ ಸರಳ. ಬೆರಳಿಗಿಂತ ತೆಳುವಾದ ರಬ್ಬರು ಕೊಳವೆಯ ಒಂದು ತುದಿಯನ್ನು ನೀರಿನಲ್ಲಿಟ್ಟು, ಇನ್ನೊಂದನ್ನು ಕೆಳಗಿನ ಬಕೆಟಿನಲ್ಲಿ, ಹಳೆಯ ಪಂಚೆಯ ಬಟ್ಟೆ ಕಟ್ಟಿದ ಪಾತ್ರೆಯ ಮೇಲೆ ಬಿಡಬೇಕು. ನೀರು ಹರಿಯಲಾರಂಭಿಸಿದ ಮೇಲೆ ಮೇಲಿನ ತುದಿಯನ್ನು ಹುಳುಗಳ ಮೇಲೆ ಆಡಿಸಿದರೆ ಅವು ಸರಸರನೆ ಒಳಗೆ ಹೋಗುತ್ತವೆ. ಬಟ್ಟೆಯಲ್ಲಿ ಸೋಸಿದ ನೀರನ್ನು ಹಾಳಾಗದಿದ್ದರೆ ಮರಳಿ ಸುರಿಯಬಹುದು. ನಾವು ತೊಟ್ಟಿಯ ಒಂದು ಮೂಲೆಯನ್ನು ಬಿಟ್ಟು ಉಳಿದೆಡೆ ದೀಪವನ್ನು ಮರೆಮಾಡಿ, ಅವು ಬೆಳಕಿನ ಮೂಲೆಗೆ ತಾವಾಗಿ ಬಂದು ಸೇರುವಂತೆ ಮಾಡಿದೆವು. ಜೊತೆಗೆ ಮೀನಿನ ಆಹಾರವನ್ನು ಅರ್ಧಕ್ಕಿಳಿಸಿದೆವು. ಕೆಲಸ ಬೇಸರದ್ದೇ; ಆದರೆ ಅದರಲ್ಲಿ ಯಾರೂ ಸಾಯುವುದಿಲ್ಲ.

ಹುಳುಗಳನ್ನು ತಿನ್ನುವ ಪ್ರಾಣಿಗಳನ್ನು ತಂದು ಬಿಡುವುದೂ ಒಂದು ಮಾರ್ಗ. ಆರು ಗೆರೆಯ ರ್‍ಯಾಸ್ ಮೀನು, ಹಳದಿ ರ್‍ಯಾಸ್ ಮೀನು ಇವು ಕೆಲವೊಮ್ಮೆ ತಿನ್ನುತ್ತವೆ, ಕೆಲವೊಮ್ಮೆ ಮುಖ ತಿರುಗಿಸುತ್ತವೆ. ಮೀನಿನ ನಾಲಗೆಯ ಭರವಸೆ ಕೊಡಲಾಗದು. ಕಪ್ಪು ಮಕಮಲ್ಲಿನ ಮೇಲೆ ನೀಲಿ ಗೆರೆ ಎಳೆದಂತಿರುವ ಕೆಲಿಡೊನುರ ವೇರಿಯನ್ಸ್ ಎಂಬ ಚಿಪ್ಪಿಲ್ಲದ ಶಂಖದ ಹುಳುವಾದರೋ ಇವನ್ನು ಬಿಟ್ಟು ಬೇರೆ ಆಹಾರವನ್ನು ಹೆಚ್ಚುಕಡಮೆ ಮುಟ್ಟುವುದಿಲ್ಲ. ಹುಳುಗಳು ಮುಗಿದ ದಿನ ಅದಕ್ಕೂ ಉಪವಾಸ, ಅನಂತರ ಮರಣ. ಒಂದು ತಿಂಗಳ ಕೆಲಸಕ್ಕಾಗಿ ಇಷ್ಟು ಸುಂದರವಾದ ಜೀವಿಯೊಂದನ್ನು ಕಡಲಿನಿಂದ ತರಿಸಿ ಸಾಯಲು ಬಿಡುವುದು ನಮಗೆ ಸರಿಯೆಂದು ತೋರಲಿಲ್ಲ.

ಔಷಧವೇ ಬೇಕಾದಲ್ಲಿ ಅದು ಕಟ್ಟಕಡೆಯ ಹೆಜ್ಜೆಯಾಗಬೇಕು. ಎಣಿಕೆ ಬೆರಳೆಣಿಕೆಗೆ ಇಳಿದಿರಬೇಕು. ತೊಟ್ಟಿಯ ಅರ್ಧದಷ್ಟಾದರೂ ಹೊಸ ನೀರು ಸಿದ್ಧವಾಗಿ ಪಕ್ಕದಲ್ಲಿರಬೇಕು. ಗಾಳಿಯ ಪಂಪು ನಡೆಯುತ್ತಿರಬೇಕು. ಹುಳುಗಳು ಉದುರುತ್ತಿದ್ದಂತೆಯೇ ಕೊಳವೆಯಿಂದ ಎಳೆಯಬೇಕು. ಆಮೇಲೆ ವಿಷವನ್ನು ಹೀರಲು, ನಮ್ಮ ತೆಂಗಿನ ಚಿಪ್ಪಿನಿಂದಲೇ ಮಾಡುವ ಕ್ರಿಯಾಶೀಲ ಇದ್ದಲನ್ನು ನೀರಿನ ಹಾದಿಯಲ್ಲಿರಿಸಬೇಕು. ತೂಕದ ಲೆಕ್ಕವನ್ನು ನಾವು ಇಲ್ಲಿ ಬೇಕೆಂದೇ ಕೊಟ್ಟಿಲ್ಲ. ವಿದ್ಯಾರ್ಥಿಗಳು ಪಶುವೈದ್ಯರನ್ನೋ ಅನುಭವಿಗಳನ್ನೋ ಕೇಳದೆ ಈ ಔಷಧಕ್ಕೆ ಕೈಹಾಕಕೂಡದು.

ಇದೆಲ್ಲಕ್ಕಿಂತ ಹಗುರವಾದ ಕೆಲಸವನ್ನು ನಾವು ಆ ಮೊದಲ ದಿನವೇ ಮಾಡಬಹುದಾಗಿತ್ತು. ಹೊಸದಾಗಿ ಬಂದ ಯಾವ ಕಲ್ಲನ್ನಾಗಲಿ ಹೂವನ್ನಾಗಲಿ ಬೇರೆ ಪಾತ್ರೆಯಲ್ಲಿ ಒಂದೂವರೆ ಎರಡು ತಿಂಗಳು ಇಟ್ಟು ನೋಡಬೇಕು. ಅದೇ ಉಷ್ಣತೆಯ ಸಿಹಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ ಕುಲುಕಿದರೆ ಅನೇಕ ಹುಳುಗಳು ಉದುರುತ್ತವೆ. ಉಪ್ಪಿಲ್ಲದ ನೀರು ಅಭಿಸರಣದಿಂದ ಹುಳುವಿನ ತೆಳು ಮೈಯೊಳಗೆ ನುಗ್ಗಿ ಅದನ್ನು ಉಬ್ಬಿಸುತ್ತದೆ. ಚಪ್ಪಟೆತನದ ಉಪಕಾರ ಇಲ್ಲಿ ಅಪಕಾರವಾಗುತ್ತದೆ. ಹೂವೂ ಅದನ್ನು ಬಹಳ ಹೊತ್ತು ತಾಳದು, ಆದ್ದರಿಂದ ಕಣ್ಣು ಅದರ ಮೇಲಿರಬೇಕು. ಮೊಟ್ಟೆಗಳಿಗೆ ಈ ಸ್ನಾನ ತಾಕುವುದಿಲ್ಲ. ತಿಂಗಳುಗಟ್ಟಲೆ ಕಾಯಬೇಕೆಂದದ್ದು ಅದಕ್ಕಾಗಿಯೇ. ಕುದಿಯುವ ನೀರನ್ನು ಮಾತ್ರ ಆ ಕಲ್ಲುಗಳ ಮೇಲೆ ಎಂದಿಗೂ ಸುರಿಯಬಾರದು. ಗುಂಡಿ ಹೂವುಗಳ ಹತ್ತಿರದ ಬಂಧುಗಳಿಂದ ೧೯೭೧ರಲ್ಲಿ ಹವಾಯಿಯ ವಿಜ್ಞಾನಿಗಳು ಬೇರ್ಪಡಿಸಿದ ಪಾಲಿಟಾಕ್ಸಿನ್ ಜಗತ್ತಿನ ಅತ್ಯುಗ್ರ ವಿಷಗಳಲ್ಲೊಂದು. ಅದು ಹಬೆಯೊಡನೆ ಎದ್ದು ಮನೆಮಂದಿಯೇ ಆಸ್ಪತ್ರೆ ಸೇರಿದ ಉದಾಹರಣೆಗಳು ಪರದೇಶಗಳಲ್ಲಿವೆ. ಗಾಯವಿರುವ ಕೈಯಿಂದ ಅವನ್ನು ಮುಟ್ಟದೆ ಕೈಚೀಲ ಧರಿಸುವುದು ಕ್ಷೇಮ.

ನೀರಿನ ವಿಷಯ ಒಂದು ಮಾತು. ನವೆಂಬರಿನಿಂದ ಏಪ್ರಿಲಿನವರೆಗೆ ಕಾಪುವಿನ ನೀರು ತಿಳಿಯಾಗಿ, ಸಾವಿರಕ್ಕೆ ಸುಮಾರು ೩೫ ಪಾಲು ಉಪ್ಪನ್ನು ಹೊಂದಿರುತ್ತದೆ. ಮಳೆ ಹಿಡಿಯಿತೆಂದರೆ ಈ ನೀರನ್ನು ನಂಬುವಂತಿಲ್ಲ. ಕಾರ್ಕಳದ ಮೇಲಿನ ಘಟ್ಟಗಳಿಂದ ಇಳಿದ ಸುವರ್ಣಾ ನದಿಯೂ ಇತರ ಹೊಳೆಗಳೂ ಕೆಂಪುಮಣ್ಣನ್ನು ಹೊತ್ತು ಕಡಲಿಗೆ ನುಗ್ಗುತ್ತವೆ. ವರ್ಷಕ್ಕೆ ನಾಲ್ಕು ಮೀಟರು ಮಳೆ ಸುರಿಯುವ ಜಿಲ್ಲೆ ನಮ್ಮದು. ಆಗ ಕೃತಕ ಉಪ್ಪಿನಿಂದ ನೀರು ಮಾಡಿಕೊಳ್ಳಬೇಕು. ನಮ್ಮ ದಂಡೆಗೆ ತಾಗಿ ದೊಡ್ಡ ಹವಳದ ದಿಬ್ಬಗಳು ಬೆಳೆಯದಿರುವುದಕ್ಕೂ ಈ ಸಿಹಿನೀರು, ಈ ಕೆಸರು ದೊಡ್ಡ ಕಾರಣ. ದಂಡೆಯಿಂದ ದೂರ ನಿಂತ ಮುರುಡೇಶ್ವರದೆದುರಿನ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಅವನ್ನು ಮುರಿದು ತರುವ ಯೋಚನೆ ಯಾರಿಗೂ ಬರದಿರಲಿ: ಕಲ್ಲುಹವಳ, ಕರಿಹವಳ, ಕಡಲ ಬೀಸಣಿಗೆ ಇವನ್ನೆಲ್ಲ ೨೦೦೧ರಲ್ಲಿ ವನ್ಯಜೀವಿ ಸಂರಕ್ಷಣಾ ಶಾಸನದ ಮೊದಲ ಅನುಸೂಚಿಗೆ ಸೇರಿಸಲಾಯಿತು. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಉಂಟು. ಅಂಗಡಿಯಲ್ಲಿ ಸಿಕ್ಕಿತೆಂಬ ಮಾತ್ರಕ್ಕೆ ಕಾನೂನಿಗೆ ಒಪ್ಪಿತವೆಂದು ಭಾವಿಸಬಾರದು. ಹಾಗೆಯೇ ತೊಟ್ಟಿಯಿಂದ ತೆಗೆದ ಹುಳುಗಳನ್ನೂ ನೀರನ್ನೂ ತೋಡಿಗಾಗಲಿ ಕಡಲಿಗಾಗಲಿ ಚೆಲ್ಲಕೂಡದು. ಪರದೇಶದ ಹುಳುವಿಗೆ ನಮ್ಮ ಮಡುಗಳ ದಾರಿ ತೋರಿಸಿದ ಪಾಪ ನಮಗೆ ಬೇಡ. ನಾವು ಅವನ್ನು ಸಿಹಿನೀರಿನಲ್ಲಿ ಒಂದು ದಿನ ಬಿಟ್ಟು, ಬಿಸಿಲಲ್ಲಿ ಒಣಗಿಸಿ ಎಸೆಯುತ್ತೇವೆ.

ಎಂಟು ವಾರಗಳ ಲೆಕ್ಕ ನಮ್ಮಲ್ಲಿ ಹದಿನಾಲ್ಕು ವಾರ ಹಿಡಿಯಿತು. ಆಟಿ ತಿಂಗಳಲ್ಲಿ ಎರಡು ದಿನ ವಿದ್ಯುತ್ತು ಹೋದಾಗ ಎಣಿಸಲಾಗದೆ ನೋಟುಪುಸ್ತಕದಲ್ಲಿ ಎರಡು ಮನೆಗಳು ಖಾಲಿ ಉಳಿದಿವೆ. ಗುಂಡಿ ಹೂವುಗಳು ಮತ್ತೆ ತೆರೆದವು. ಚಿಕ್ಕ ಕೋಡಂಗಿ ಮೀನು ಈಗ ದೊಡ್ಡದಾಗಿದೆ. ಈ ಮೀನುಗಳಲ್ಲಿ ಹೆಣ್ಣು ಸತ್ತರೆ ಉಳಿದ ಗಂಡೇ ಹೆಣ್ಣಾಗುತ್ತದೆಂಬುದು ಬೇರೊಂದು ಲೇಖನಕ್ಕೆ ವಸ್ತು. ನಿನ್ನೆ ಮಧ್ಯಾಹ್ನ ಎರಡು ಗಂಟೆಗೆ ಐದು ಚೌಕಗಳಲ್ಲಿ ಸೇರಿ ಕಂಡ ಹುಳುಗಳು ನಾಲ್ಕು. ಹಿಂದಿನ ಗಾಜಿನ ಮೂಲೆಯಲ್ಲಿ ಒಂದು ಇತ್ತು. ಅದರ ಬಾಲದ ಕಡೆ ಹಿಂದುಮುಂದಾದ ಸಣ್ಣ ತಲೆಯೊಂದು ಮೂಡುತ್ತಿತ್ತು. ಅದನ್ನು ಭೂತಗನ್ನಡಿಯಲ್ಲಿ ಸ್ವಲ್ಪ ಹೊತ್ತು ನೋಡಿ, ಅನಂತರ ಕೊಳವೆಯನ್ನು ತಂದೆವು.